‘ಬೆಂಗಾಲ್’ ಎಂಬ ಬೆಂಗಾವಲು ನೌಕೆ

ಎರಡನೆಯ ಮಹಾಯುದ್ಧದ ಚರಿತ್ರೆಯನ್ನೋದಿದವರು ದೊಡ್ಡ ದೊಡ್ಡ ಯುದ್ಧನೌಕೆಗಳ ಹೆಸರುಗಳನ್ನು ಬಲ್ಲರು. ಆದರೆ ಧಾನ್ಯವನ್ನೂ ಎಣ್ಣೆಯನ್ನೂ ಹೊತ್ತು ಸಾಗುತ್ತಿದ್ದ ಹಡಗುಗಳನ್ನು ದಡ ಸೇರಿಸುವ ಭಾರವು ಬಹುಮಟ್ಟಿಗೆ ಕಾರ್ವೆಟ್ಟುಗಳೆಂಬ ಕಿರುನೌಕೆಗಳ ಮೇಲಿತ್ತು. ಸಬ್‌ಮೆರೀನುಗಳನ್ನು ಪತ್ತೆ ಹಚ್ಚುವುದು, ಶತ್ರುಗಳು ಕಡಲಲ್ಲಿರಿಸಿದ ಸಿಡಿಗುಂಡುಗಳನ್ನು ತೆಗೆಯುವುದು, ಹಡಗುಗಳಿಗೆ ಬೆಂಗಾವಲಾಗುವುದು ಇವುಗಳ ಕೆಲಸ. ನಮ್ಮ ದೇಶದ ನಾವಿಕರಿದ್ದ ಅಂಥದೊಂದು ನೌಕೆಯ ವೃತ್ತಾಂತವನ್ನು ನಮ್ಮ ಹಳೆಯ ವಿದ್ಯಾರ್ಥಿನಿಯರೂ ಅವರ ತಾಯಿತಂದೆಗಳೂ ತಿಳಿದಿರುವುದು ಯೋಗ್ಯ.

ಆಸ್ಟ್ರೇಲಿಯದಲ್ಲಿ ಈ ಜಾತಿಯ 60 ನೌಕೆಗಳು ಕಟ್ಟಲ್ಪಟ್ಟವು. ಅವುಗಳಲ್ಲಿ ‘ಬೆಂಗಾಲ್’, ‘ಬಾಂಬೆ’, ‘ಮದ್ರಾಸ್’, ‘ಪಂಜಾಬ್’ ಎಂಬ ನಾಲ್ಕು ರಾಯಲ್ ಇಂಡಿಯನ್ ನೇವಿಗೆ ಸೇರಿದವು. ಸಿಡ್ನಿಯಲ್ಲಿ ಸಿದ್ಧವಾದ ‘ಬೆಂಗಾಲ್’ 1942ನೆಯ ಇಸವಿ ಆಗಸ್ಟಿನಲ್ಲಿ ಸೇವೆಗೆ ಸೇರಿತು. ನವೆಂಬರಿನಲ್ಲಿ ಅದು ‘ಒಂಡಿನಾ’ ಎಂಬ ಡಚ್ಚರ ಎಣ್ಣೆಯ ಹಡಗಿಗೆ ಕಾವಲಾಗಿ, ಫ್ರೀಮ್ಯಾಂಟಲ್ ರೇವಿನಿಂದ ಡಿಯಾಗೊ ಗಾರ್ಸಿಯಾ ದ್ವೀಪದ ಕಡೆಗೆ ಹೊರಟಿತು.

ನವೆಂಬರ್ 11ರಂದು ಹಿಂದೂ ಮಹಾಸಾಗರದ ಮಧ್ಯದಲ್ಲಿ ‘ಹೊಕೊಕು ಮಾರು’, ‘ಐಕೊಕು ಮಾರು’ ಎಂಬ ಎರಡು ಜಪಾನೀ ಹಡಗುಗಳು ಎದುರಾದವು. ಅವು ಒಂದೊಂದೂ 10,000 ಟನ್ನಿಗೆ ಮೀರಿದವು, ದೊಡ್ಡ ತೋಪುಗಳುಳ್ಳವು. ‘ಬೆಂಗಾಲಿ’ನಲ್ಲಿದ್ದುದು 12 ಪೌಂಡಿನ ಗುಂಡನ್ನು ಹಾರಿಸುವ ಒಂದು ತೋಪು, ಅದಲ್ಲದೆ ಕೆಲವು ಚಿಕ್ಕವು. ಆದರೂ ಅದರ ನಾಯಕ ಲೆಫ್ಟೆನೆಂಟ್ ಕಮಾಂಡರ್ ವಿಲ್ಸನ್, ಒಂಡಿನಾಕ್ಕೆ ತಪ್ಪಿಸಿಕೊಳ್ಳಲು ಅವಕಾಶವಾಗಲೆಂದು ತನ್ನ ನೌಕೆಯನ್ನು ಶತ್ರುವಿನ ಕಡೆಗೇ ತಿರುಗಿಸಿದನು. ಒಂಡಿನಾವೂ ತನ್ನಲ್ಲಿದ್ದ ಒಂದೇ ದೊಡ್ಡ ತೋಪಿನಿಂದ ಹೋರಾಡಿತು. ಕೆಲಕಾಲದಲ್ಲಿಯೇ ‘ಹೊಕೊಕು ಮಾರು’ ಬೆಂಕಿ ಹತ್ತಿ ಸಿಡಿದು ಮುಳುಗಿತು.

ಮದ್ದುಗುಂಡುಗಳು ತೀರುತ್ತ ಬಂದುದರಿಂದ ‘ಬೆಂಗಾಲ್’ ಹಿಂಜರಿಯಬೇಕಾಯಿತು. ಒಂಡಿನಾದ ಮೇಲೆ ಗುಂಡುಗಳು ಬಿದ್ದು ಅದರ ನಾಯಕ ಹೋರ್ಸ್‌ಮನ್ ಮಡಿದನು. ದೋಣಿಗಳಿಗೆ ಇಳಿದವರ ಮೇಲೂ ಶತ್ರುಗಳು ಗುಂಡು ಹಾರಿಸಿದರು. ಆದರೆ ಹಡಗು ಮುಳುಗಲಿಲ್ಲ. ಬದುಕುಳಿದವರು ಮತ್ತೆ ಅದನ್ನೇರಿ, ಬೆಂಕಿಯನ್ನಾರಿಸಿ, ಒಂದು ವಾರದೊಳಗೆ ಫ್ರೀಮ್ಯಾಂಟಲನ್ನು ತಲಪಿದರು. ‘ಬೆಂಗಾಲ್’ ಒಬ್ಬನನ್ನೂ ಕಳೆದುಕೊಳ್ಳದೆ ಡಿಯಾಗೊ ಗಾರ್ಸಿಯಾ ಸೇರಿತು. ಸ್ವಾತಂತ್ರ್ಯಾನಂತರವೂ ಅದು ಭಾರತದ ನೌಕಾಪಡೆಯಲ್ಲಿ ಸೇವೆ ಸಲ್ಲಿಸಿತು.

ಶತ್ರುವನ್ನು ಮುಳುಗಿಸಿದ ಗುಂಡು ಯಾರದೆಂಬ ವಾದವು ಬಹುಕಾಲ ನಡೆಯಿತು. ಅದು ಒಂಡಿನಾದ್ದೆಂದು ಈಗ ಅನೇಕರ ಅಭಿಪ್ರಾಯ. ಹಾಗಿದ್ದರೂ ‘ಬೆಂಗಾಲಿ’ನ ಕೀರ್ತಿಗೆ ಕುಂದಿಲ್ಲ. ಗೆಲ್ಲುವುದು ಬೆಂಗಾವಲಿನವನ ಧರ್ಮವಲ್ಲ. ತನಗೊಪ್ಪಿಸಿದವರಿಗೂ ಅಪಾಯಕ್ಕೂ ನಡುವೆ ನಿಲ್ಲುವುದೇ ಅವನ ಧರ್ಮ. ಅದನ್ನು ಆ ಕಿರುನೌಕೆಯು ತನ್ನ ಗುಂಡುಗಳು ತೀರುವವರೆಗೂ ನಡೆಸಿತು.