ಟೆನಿಸ್ ಟೂರ್ನಿ: ನಿಮ್ಮ ವಿಭಾಗ ಯಾವುದು?

ಕೆಲವು ತಿಂಗಳ ಹಿಂದೆ ಒಂದೇ ಸಂಜೆ ಇಬ್ಬರು ಟೆನಿಸ್ ಆಟಗಾರರು ನನ್ನ ಕ್ಲಿನಿಕ್ಕಿಗೆ ಬಂದರು. ಮೊದಲನೆಯವನು 11 ವರ್ಷದ ಹುಡುಗ. ಹಿಮ್ಮಡಿ ನೋವಿನಿಂದ ಕುಂಟುತ್ತಿದ್ದ. ಎರಡನೆಯವರು 46 ವರ್ಷದ ಬ್ಯಾಂಕ್ ಅಧಿಕಾರಿ. ಆಡುತ್ತಿದ್ದಾಗ ಮೀನಖಂಡಕ್ಕೆ ಯಾರೋ ಹಿಂದಿನಿಂದ ಒದ್ದಂತಾಯಿತು, ತಿರುಗಿ ನೋಡಿದರೆ ಯಾರೂ ಇರಲಿಲ್ಲ ಎಂದರು.

ಇಬ್ಬರ ತೊಂದರೆಯೂ ಬೇರೆ ಬೇರೆ. ಆದರೆ ವಿಚಾರಿಸಿದಾಗ ಮೂಲ ಒಂದೇ ಎಂದು ತಿಳಿಯಿತು. ಹುಡುಗ ಒಂದೇ ಟೂರ್ನಿಯಲ್ಲಿ 12, 14 ಮತ್ತು 16 ವರ್ಷದೊಳಗಿನವರ ಮೂರೂ ವಿಭಾಗಗಳಲ್ಲಿ ಆಡಿದ್ದ. ಬ್ಯಾಂಕ್ ಅಧಿಕಾರಿ ಆರು ವರ್ಷಗಳ ನಂತರ ರಾಕೆಟ್ ಹಿಡಿದು, ನೇರವಾಗಿ ಓಪನ್ ಸಿಂಗಲ್ಸ್‌ಗೆ ಹೆಸರು ಕೊಟ್ಟು, 20 ವರ್ಷದ ಕಾಲೇಜು ಹುಡುಗನೆದುರು ಓಡಿದ್ದರು.

ಹವ್ಯಾಸಿ ಟೂರ್ನಿಗಳಲ್ಲಿ ಇಷ್ಟೊಂದು ವಿಭಾಗಗಳೇಕೆ ಎಂದು ಅನೇಕರು ಕೇಳುತ್ತಾರೆ. ಬಹುಮಾನ ಹೆಚ್ಚು ಜನರಿಗೆ ಹಂಚಲಿ ಎಂದಲ್ಲ. ಸಮಬಲರು ಆಡಿದರೆ ಆಟಕ್ಕೆ ಸ್ವಾರಸ್ಯ, ದೇಹಕ್ಕೂ ಕ್ಷೇಮ.

ವಯಸ್ಸಿನ ವಿಭಾಗ

ನಮ್ಮ ದೇಶದಲ್ಲಿ ಕಿರಿಯರಿಗೆ 12, 14, 16 ಮತ್ತು 18 ವರ್ಷದೊಳಗಿನವರು ಎಂಬ ವಿಭಾಗಗಳಿವೆ. ತೀರಾ ಚಿಕ್ಕ ಮಕ್ಕಳಿಗೆ ಚೆಂಡೇ ಬೇರೆ. ಕೆಂಪು, ಕಿತ್ತಳೆ, ಹಸಿರು ಎಂದು ಮೂರು ಬಗೆ. ಕೆಂಪು ಚೆಂಡು ಮಾಮೂಲು ಹಳದಿ ಚೆಂಡಿಗಿಂತ ಸುಮಾರು ಶೇ. 75ರಷ್ಟು, ಕಿತ್ತಳೆಯದು ಶೇ. 50ರಷ್ಟು, ಹಸಿರಿನದು ಶೇ. 25ರಷ್ಟು ನಿಧಾನ. ಕೆಂಪು ಮತ್ತು ಕಿತ್ತಳೆ ಹಂತಗಳಲ್ಲಿ ಅಂಕಣವೂ ಚಿಕ್ಕದು. 10 ವರ್ಷದೊಳಗಿನವರ ಸ್ಪರ್ಧೆಗಳಲ್ಲಿ ಮಾಮೂಲು ಚೆಂಡು ಬಳಸುವಂತಿಲ್ಲ ಎಂಬ ನಿಯಮವನ್ನು ಅಂತರರಾಷ್ಟ್ರೀಯ ಟೆನಿಸ್ ಫೆಡರೇಷನ್ 2012ರಲ್ಲಿ ಜಾರಿಗೆ ತಂದಿತು. ಹಳದಿ ಚೆಂಡು ಪುಟಿದು ಮಗುವಿನ ತಲೆಯ ಮೇಲೆ ಹೋಗುತ್ತದೆ. ಅದನ್ನು ಹೊಡೆಯಲು ಮಗು ಭುಜ, ಬೆನ್ನನ್ನು ವಿಪರೀತವಾಗಿ ತಿರುಚಬೇಕಾಗುತ್ತದೆ.

ಹಿರಿಯರಿಗೂ ವಿಭಾಗಗಳುಂಟು. ಇದೇ ಫೆಡರೇಷನ್ನಿನ ಮಾಸ್ಟರ್ಸ್ ಟೂರ್ನಿಗಳಲ್ಲಿ 30ರಿಂದ 90 ವರ್ಷದವರೆಗೆ ಐದೈದು ವರ್ಷಗಳ ಅಂತರದಲ್ಲಿ ಗುಂಪುಗಳಿವೆ. 52 ವರ್ಷದವರು ಬೇಕಾದರೆ 40ರ ಗುಂಪಿನಲ್ಲಿ ಆಡಬಹುದು. 40ರವರು 50ರ ಗುಂಪಿನಲ್ಲಿ ಆಡುವಂತಿಲ್ಲ.

ಕೌಶಲದ ವಿಭಾಗ

ಅಮೆರಿಕದಲ್ಲಿ ಮಗ-ಸೊಸೆ ಇರುವ ಮನೆಗಳಲ್ಲಿ, 'ಅಪ್ಪಾ, ನಾನೀಗ ತ್ರೀ ಪಾಯಿಂಟ್ ಫೈವ್ ಆಟಗಾರ' ಎಂಬ ಮಾತು ಫೋನಿನಲ್ಲಿ ಕೇಳಿಬಂದಿರಬಹುದು. ಅಲ್ಲಿ ವಯಸ್ಸಿನ ಜೊತೆಗೆ ಎನ್‌ಟಿಆರ್‌ಪಿ ಎಂಬ ಮಾಪನವಿದೆ. 1.0ರಿಂದ 7.0ರವರೆಗೆ, ಅರ್ಧರ್ಧ ಅಂಕದ ಮೆಟ್ಟಿಲುಗಳು. ರಾಕೆಟ್ ಹಿಡಿಯಲು ಈಗಷ್ಟೇ ಕಲಿತವರು 1.0. ತಮ್ಮಂಥವರೊಡನೆ ನಿಧಾನದ ಚೆಂಡನ್ನು ಸ್ವಲ್ಪ ಹೊತ್ತು ಆಡಬಲ್ಲವರು 2.5. ಮಧ್ಯಮ ವೇಗದ ಚೆಂಡನ್ನು ಬೇಕಾದ ದಿಕ್ಕಿಗೆ ಕಳಿಸಬಲ್ಲವರು 3.5. ವೇಗವನ್ನೂ ಸ್ಪಿನ್ನನ್ನೂ ಪಳಗಿಸಿಕೊಂಡವರು 4.5. 7.0 ಎಂದರೆ ವಿಶ್ವಮಟ್ಟದ ಆಟಗಾರ.

ಹೊಸಬರು ತಮ್ಮ ಮಟ್ಟವನ್ನು ತಾವೇ ಗುರುತಿಸಿಕೊಳ್ಳಬೇಕು. ನಂತರ ಪಂದ್ಯಗಳ ಫಲಿತಾಂಶ ನೋಡಿ ಕಂಪ್ಯೂಟರ್ ಲೆಕ್ಕ ಹಾಕುತ್ತದೆ. ಸುಲಭವಾಗಿ ಗೆಲ್ಲುವ ಆಸೆಯಿಂದ ಬೇಕೆಂದೇ ಕೆಳಗಿನ ಮಟ್ಟದಲ್ಲಿ ಸೇರಿಕೊಂಡವರನ್ನು ಅನರ್ಹಗೊಳಿಸುವುದೂ ಉಂಟು. ಮಿಶ್ರ ಡಬಲ್ಸ್‌ನಲ್ಲಿ ಇಬ್ಬರ ಅಂಕಗಳನ್ನು ಕೂಡಿಸುತ್ತಾರೆ. 7.0 ವಿಭಾಗದಲ್ಲಿ 3.5ರ ಇಬ್ಬರು ಸೇರಬಹುದು, ಇಲ್ಲವೇ 4.0ರ ಪತಿಯೊಂದಿಗೆ 3.0ರ ಪತ್ನಿ ಆಡಬಹುದು.

ನಮ್ಮ ಕ್ಲಬ್ ಟೂರ್ನಿಗಳಲ್ಲಿ ಸಾಮಾನ್ಯವಾಗಿ ವಯಸ್ಸಿನ ವಿಭಾಗ ಬಿಟ್ಟರೆ ಉಳಿಯುವುದು ಓಪನ್ ಒಂದೇ. ಇಲ್ಲಿ ಯಾರೂ ನಿಮ್ಮ ಮಟ್ಟವನ್ನು ಅಳೆಯುವುದಿಲ್ಲ. ಆ ಕೆಲಸವನ್ನು ನೀವೇ ಮಾಡಿಕೊಳ್ಳಬೇಕು.

ದೇಹ ಹೇಳುವ ಲೆಕ್ಕ

220ರಿಂದ ನಿಮ್ಮ ವಯಸ್ಸನ್ನು ಕಳೆದರೆ ಹೃದಯ ಬಡಿತದ ಗರಿಷ್ಠ ಮಿತಿ ಸ್ಥೂಲವಾಗಿ ಸಿಗುತ್ತದೆ. 20ರ ಹುಡುಗನಿಗೆ ಅದು 200, 46ರವರಿಗೆ 174. ಹುಡುಗನಿಗೆ ಹಗುರವೆನಿಸುವ ಓಟ ಇವರನ್ನು ಮಿತಿಯ ಅಂಚಿಗೆ ತಳ್ಳುತ್ತದೆ. ವಯಸ್ಸಾದಂತೆ ಸ್ನಾಯು, ಸ್ನಾಯುರಜ್ಜುಗಳ ಬಳುಕು ಕಡಿಮೆಯಾಗುತ್ತದೆ. ಟೆನಿಸ್‌ನಲ್ಲಾದರೋ ತಟ್ಟನೆ ಓಡಬೇಕು, ತಟ್ಟನೆ ನಿಲ್ಲಬೇಕು. ಬ್ಯಾಂಕ್ ಅಧಿಕಾರಿಯ ಮೀನಖಂಡದ ಸ್ನಾಯು ಹರಿದಿತ್ತು. ಇದು ಎಷ್ಟು ಸಾಮಾನ್ಯವೆಂದರೆ ವೈದ್ಯರು ಇದನ್ನು 'ಟೆನಿಸ್ ಲೆಗ್' ಎಂದೇ ಕರೆಯುತ್ತಾರೆ.

'ನಮ್ಮ ಕೊಡಗಿನ ರೋಹನ್ ಬೋಪಣ್ಣ 43ರಲ್ಲಿ ಗೆಲ್ಲಲಿಲ್ಲವೇ?' ಎಂದು ಅವರು ಕೇಳಿದರು. ನಿಜ, 2024ರಲ್ಲಿ ಅವರು ಆಸ್ಟ್ರೇಲಿಯನ್ ಓಪನ್ ಪುರುಷರ ಡಬಲ್ಸ್ ಗೆದ್ದರು. ಆದರೆ ಅದು ಡಬಲ್ಸ್. ಅದರ ಹಿಂದೆ ದಶಕಗಳ ಬಿಡದ ಅಭ್ಯಾಸವಿತ್ತು. ಆರು ವರ್ಷ ಕುರ್ಚಿಯಲ್ಲಿ ಕೂತು ಎದ್ದವರಿಗೆ ಆ ಹೋಲಿಕೆ ಸಲ್ಲದು.

ಹುಡುಗನ ತಂದೆಯದು ಬೇರೆಯೇ ಕೋರಿಕೆ. 'ಡಾಕ್ಟ್ರೇ, ಒಂದು ಇಂಜೆಕ್ಷನ್ ಕೊಟ್ಟುಬಿಡಿ. ಭಾನುವಾರ ಸೆಮಿಫೈನಲ್ ಇದೆ' ಎಂದರು. ಬೆಳೆಯುವ ಮಕ್ಕಳ ಹಿಮ್ಮಡಿ ಮೂಳೆಯಲ್ಲಿ ಮೃದುವಾದ ಬೆಳವಣಿಗೆಯ ಪದರವಿರುತ್ತದೆ. ಅತಿಯಾಗಿ ಓಡಿದಾಗ ಮೀನಖಂಡದ ಸ್ನಾಯುರಜ್ಜು ಅದನ್ನು ಎಳೆದೆಳೆದು ನೋವು ತರುತ್ತದೆ. ಇದಕ್ಕೆ ಮದ್ದು ವಿಶ್ರಾಂತಿ, ಐಸ್, ಹಿಮ್ಮಡಿಗೆ ಮೆತ್ತನೆಯ ಪ್ಯಾಡ್, ಇಂಜೆಕ್ಷನ್ ಅಲ್ಲ. ನೋವನ್ನು ಅಡಗಿಸಿ ಆಡಿಸಿದರೆ ದೇಹ ಕೊಡುವ ಎಚ್ಚರಿಕೆಯನ್ನೇ ಅಡಗಿಸಿದಂತೆ. ನಾನು ಒಪ್ಪಲಿಲ್ಲ. ತಂದೆ ಬೇಸರದಿಂದಲೇ ಹೋದರು. ಹುಡುಗನ ಮುಖದಲ್ಲಿ ಮಾತ್ರ ನಿರಾಳ ಕಂಡಿತು.

ಹೆಸರು ನೋಂದಾಯಿಸುವ ಮುನ್ನ

* ಮಕ್ಕಳಿಗೆ ಒಂದು ಟೂರ್ನಿಯಲ್ಲಿ ಒಂದೇ ವಯಸ್ಸಿನ ವಿಭಾಗ ಸಾಕು. ವಾರದಲ್ಲಿ ತರಬೇತಿ ಹಾಗೂ ಪಂದ್ಯದ ಒಟ್ಟು ಗಂಟೆಗಳು ಮಗುವಿನ ವಯಸ್ಸನ್ನು ಮೀರಬಾರದು: 11 ವರ್ಷಕ್ಕೆ 11 ಗಂಟೆ. ಒಂದೆರಡು ದಿನ ಪೂರ್ತಿ ವಿರಾಮವಿರಲಿ.

* 40 ದಾಟಿದವರು, ಅದರಲ್ಲೂ ಬಿ.ಪಿ., ಸಕ್ಕರೆ ಕಾಯಿಲೆ, ಧೂಮಪಾನ ಅಥವಾ ಮನೆತನದಲ್ಲಿ ಹೃದ್ರೋಗ ಇರುವವರು, ಮೊದಲು ವೈದ್ಯರಿಂದ ಪರೀಕ್ಷೆ ಮಾಡಿಸಿಕೊಳ್ಳಿ.

* ಬಹುಕಾಲದ ನಂತರ ಆಡುವವರು ಎರಡು-ಮೂರು ತಿಂಗಳ ಅಭ್ಯಾಸದ ಬಳಿಕ, ತಮ್ಮ ವಯಸ್ಸಿನ ಡಬಲ್ಸ್‌ನಿಂದ ಆರಂಭಿಸಿ.

* ಪಂದ್ಯಕ್ಕೆ ಮುನ್ನ 10 ನಿಮಿಷ ಮೈ ಬಿಸಿ ಮಾಡಿಕೊಳ್ಳಿ. ಬಿಸಿಲಿನಲ್ಲಿ ಬದಿ ಬದಲಿಸುವಾಗಲೆಲ್ಲ ನೀರು ಕುಡಿಯಿರಿ. ಇನ್ಸುಲಿನ್ ತೆಗೆದುಕೊಳ್ಳುವವರ ಚೀಲದಲ್ಲಿ ಗ್ಲೂಕೋಸ್ ಇರಲಿ.

* ಎದೆ ಬಿಗಿತ, ದವಡೆ ಅಥವಾ ಎಡಗೈಗೆ ಹರಡುವ ನೋವು, ಕಣ್ಣು ಕತ್ತಲಿಡುವುದು, ಅಸಾಧ್ಯ ಏದುಸಿರು ಕಂಡರೆ ಸ್ಕೋರ್ ಏನೇ ಇರಲಿ, ಆಟ ನಿಲ್ಲಿಸಿ ಆಸ್ಪತ್ರೆಗೆ ಹೋಗಿ.

ಇದನ್ನೆಲ್ಲ ಓದಿ ಟೆನಿಸ್ ಬೇಡವೆಂದುಕೊಳ್ಳಬೇಡಿ. ಡೆನ್ಮಾರ್ಕಿನ ಕೋಪನ್‌ಹೇಗನ್‌ನಲ್ಲಿ ಸುಮಾರು 25 ವರ್ಷ ಜನರನ್ನು ಗಮನಿಸಿ 2018ರಲ್ಲಿ ಪ್ರಕಟಿಸಿದ ಅಧ್ಯಯನದಲ್ಲಿ, ವ್ಯಾಯಾಮವಿಲ್ಲದವರಿಗಿಂತ ಟೆನಿಸ್ ಆಡುವವರ ಆಯುಷ್ಯ ಸರಾಸರಿ 9.7 ವರ್ಷ ಹೆಚ್ಚೆಂದು ಕಂಡುಬಂತು. ಅದು ಆಟದಿಂದಲೇ ಬಂದದ್ದೆಂದು ಖಚಿತವಾಗಿ ಹೇಳಲಾಗದು. ಆಡುವವರು ಅನುಕೂಲವಂತರೂ ಆಗಿರಬಹುದು. ಆದರೂ ಗೆಳೆಯರೊಡನೆ ನಿಯಮಿತವಾಗಿ ಆಡುವುದು ಒಳ್ಳೆಯದೆಂಬುದರಲ್ಲಿ ಅನುಮಾನವಿಲ್ಲ.

ಹುಡುಗ ಈಗ 12 ವರ್ಷದೊಳಗಿನವರ ವಿಭಾಗದಲ್ಲಿ ಮಾತ್ರ ಆಡುತ್ತಾನೆ. ಬ್ಯಾಂಕ್ ಅಧಿಕಾರಿ ಕಾಲು ವಾಸಿಯಾದ ಮೇಲೆ 45 ಮೀರಿದವರ ಡಬಲ್ಸ್‌ನಲ್ಲಿ ಆಡಿ ಎರಡನೇ ಸುತ್ತಿನಲ್ಲಿ ಸೋತರು. ಸೋತ ಸುದ್ದಿ ಹೇಳಲು ಬಂದವರು ನಡೆದುಕೊಂಡೇ ಬಂದಿದ್ದರು.