ಒಲೆ ತುಂಬಿದರೆ ಉರಿ ಹೆಚ್ಚೇ?

ಮಲೆನಾಡು, ಕರಾವಳಿಯ ಎಷ್ಟೋ ಮನೆಗಳಲ್ಲಿ ಅಡುಗೆ ಗ್ಯಾಸಿಗೆ ಬಂದಿದ್ದರೂ ಸ್ನಾನದ ನೀರು ಇಂದಿಗೂ ಬಚ್ಚಲೊಲೆಯ ಹಂಡೆಯಲ್ಲೇ ಕಾಯುತ್ತದೆ. ತೋಟದ ಸೋಗೆ, ತೆಂಗಿನ ಮಡಲು, ಅಡಿಕೆ ಸಿಪ್ಪೆ ಪುಕ್ಕಟೆ ಸಿಗುವಾಗ ಇದು ಸಹಜವೇ. ಆದರೆ ಒಲೆಯ ಬಾಯಿತುಂಬ ಸೌದೆ ತುರುಕಿ ಬೇರೆ ಕೆಲಸಕ್ಕೆ ಹೋಗುವ ರೂಢಿ ಸೌದೆಗೂ ನಷ್ಟ, ಮನೆಗೂ ಅಪಾಯ. ಕಾದ ಸೌದೆಯಿಂದ ಮೊದಲು ನೀರಿನಂಶ ಆವಿಯಾಗುತ್ತದೆ. ಆಮೇಲೆ, ಒಣಸೌದೆಯ ತೂಕದಲ್ಲಿ ಸುಮಾರು ಮುಕ್ಕಾಲು ಪಾಲು ಅನಿಲವಾಗಿ ಹೊರಡುತ್ತದೆ. ನಾವು ಜ್ವಾಲೆ ಎಂದು ನೋಡುವುದು ಆ ಅನಿಲ ಉರಿಯುವುದನ್ನು. ಅದಕ್ಕೆ ಗಾಳಿಯೂ ಬೇಕು, ಒಳ್ಳೆಯ ಕಾವೂ ಬೇಕು. ಒಮ್ಮೆಲೇ ತುಂಬಿದ ತಣ್ಣನೆಯ ಸೌದೆ ಎರಡನ್ನೂ ಕಸಿಯುತ್ತದೆ. ಉರಿಯದ ಅನಿಲ ಹೊಗೆಯಾಗಿ ಸುತ್ತುತ್ತಿರುವಾಗ ಎಲ್ಲೋ ಒಂದು ಕಿಡಿ ತಾಗಿದರೆ, ಅಷ್ಟೂ ಭಗ್ಗೆಂದು ಹೊತ್ತಿ ಒಲೆಯ ಬಾಯಿಂದ ಹೊರಕ್ಕೆ ಚಿಮ್ಮಬಹುದು. ಹೊಗೆಯಾಡುವ ಒಲೆಗೆ ಮುಖ ಒಡ್ಡಿ ಊದುಕೊಳವೆ ಹಿಡಿಯಬಾರದು ಎನ್ನುವುದು ಇದಕ್ಕೇ. ಸೀಮೆಎಣ್ಣೆ ಸುರಿಯುವ ಮಾತಂತೂ ಬೇಡ.

ಉರಿ ಇಳಿದು ಕೆಂಡ ಕೆಂಪಗಿರುವಾಗ ಬೂದಿ ಕೆದರಿ ಗಾಳಿಗೆ ದಾರಿ ಮಾಡಿ, ಎರಡು ಮೂರು ಒಣ ಸೀಳುಗಳನ್ನು ನಡುವೆ ಸಂದು ಬಿಟ್ಟು ಇಟ್ಟರೆ ಸಾಕು. ಅವು ಪೂರ್ತಿ ಹೊತ್ತಿದ ಮೇಲೆ ಮುಂದಿನ ಮಾತು. ಉರಿ ಹೆಚ್ಚಾಯಿತೇ, ಕೊಳ್ಳಿಯನ್ನು ಹೊರಕ್ಕೆಳೆಯಬೇಕೇ ಹೊರತು ಒಲೆಯ ಬಾಯಿ ಮುಚ್ಚಬಾರದು. 1974ರಲ್ಲಿ ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯಲ್ಲಿ ಅಮೂಲ್ಯ ರೆಡ್ಡಿಯವರ ಮುಂದಾಳತ್ವದಲ್ಲಿ ಆರಂಭವಾದ ‘ಅಸ್ತ್ರ’ ಕೇಂದ್ರ ರೂಪಿಸಿದ ಒಲೆಯಲ್ಲೂ ಸೌದೆಯಡಿ ಜಾಲರಿಯಿತ್ತು, ಹೊಗೆಗೆ ಕೊಳವೆಯಿತ್ತು. ಗಾಳಿಯ ದಾರಿಯನ್ನು ಅಷ್ಟು ಮುಖ್ಯವೆಂದು ಎಣಿಸಿದ್ದರು.

ಬೆಳಗಿನ ಗಡಿಬಿಡಿಯಲ್ಲಿ ಒಲೆ ಮುಂದೆ ಕೂರುವವರಾರು ಎಂಬ ಆಕ್ಷೇಪ ನ್ಯಾಯವಾದದ್ದೇ, ಅದರಲ್ಲೂ ಆ ಕೆಲಸ ಹೆಚ್ಚಾಗಿ ಹೆಂಗಸರ ಪಾಲಿಗೇ ಬರುವುದರಿಂದ. ಆದರೆ ನಿಧಾನವಾಗಿ ಉರಿಯಬೇಕಾದರೆ ಬೇಕಾದದ್ದು ಹೆಚ್ಚು ಸೌದೆಯಲ್ಲ, ದಪ್ಪ ಸೌದೆ: ಕೆಂಡದ ಮೇಲಿನ ಒಂದೇ ಒಣ ಕೊರಡಿಗೆ ಗಾತ್ರದ ಲೆಕ್ಕದಲ್ಲಿ ಹೊರಮೈ ಕಡಿಮೆ, ಅದು ತಡವಾಗಿ ಮುಗಿಯುತ್ತದೆ. ಹಂಡೆಗೆ ಮುಚ್ಚಳವಿದ್ದರೆ ಕಾದ ನೀರು ಬೇಗ ಆರುವುದೂ ಇಲ್ಲ. ಚಳಿದೇಶಗಳಲ್ಲಿ ಕಬ್ಬಿಣದ ಒಲೆ ತುಂಬಿ, ಗಾಳಿ ಕಿರಿದಾಗಿಸಿ ರಾತ್ರಿಯಿಡೀ ಬಿಡುತ್ತಾರಲ್ಲ ಎಂದರೆ, ಹಾಗೆ ಅರೆಬರೆ ಉರಿದ ಸೌದೆಯ ಹೊಗೆಯೇ ಕೊಳವೆಯೊಳಗೆ ಡಾಂಬರಿನಂತೆ ಅಂಟಿ, ಒಂದು ದಿನ ಕೊಳವೆಗೇ ಬೆಂಕಿ ಹಿಡಿಸಬಹುದು. ಹೊಗೆ ಹಿಡಿದ ಅಟ್ಟದ ಮರಕ್ಕೆ ಹುಳು ಬೀಳದು ಎಂಬ ಹಳೆಯ ಸಮರ್ಥನೆಯಲ್ಲಿ ಸತ್ಯವಿದೆ. ಆದರೆ ಆ ಹೊಗೆ ಮೊದಲು ಹೊಗುವುದು ಮನೆಯವರ ಎದೆಗೆ. ಇನ್ನು ಹೊಗೆ ನಿಂತಿತೆಂದು ಕಿಟಕಿ ಮುಚ್ಚಿ, ಒಲೆಯಿರುವ ಬಚ್ಚಲಲ್ಲೇ ಮೀಯುವುದು ಎಲ್ಲಕ್ಕಿಂತ ಕೆಟ್ಟದ್ದು. ಕೆಂಡ ಬಿಡುವ ಕಾರ್ಬನ್ ಮೊನಾಕ್ಸೈಡಿಗೆ ಬಣ್ಣವಿಲ್ಲ, ವಾಸನೆಯಿಲ್ಲ; ತಲೆ ಸುತ್ತುವ ಹೊತ್ತಿಗೆ ಬಾಗಿಲ ಚಿಲಕ ತೆಗೆಯುವ ಶಕ್ತಿಯೂ ಉಳಿದಿರದು.