ತೊಟ್ಟಿಗೆ ಹಿಡಿಸದ ಪಾಕು

ಪ್ರಶ್ನೆ: ಗಿಡ ತಿನ್ನುವ ಪಾಕು ಮೀನನ್ನು ಮನೆಯ ಅಕ್ವೇರಿಯಂನಲ್ಲಿ ಸಾಕಬಹುದೇ?

ಉತ್ತರ: ದಯವಿಟ್ಟು ಬೇಡ. ಅಂಗಡಿಯಲ್ಲಿ ಎರಡಿಂಚಿನ ಕೆಂಪು ಹೊಟ್ಟೆಯ ಮರಿ ಮುದ್ದಾಗಿಯೇ ಕಾಣುತ್ತದೆ; ಬೆಳೆದರೆ 80 ಸೆಂಟಿಮೀಟರ್ ದಾಟಬಲ್ಲದು. ನಮ್ಮ ಮೀನು ಮಾರುಕಟ್ಟೆಗಳಲ್ಲಿ ರೂಪಚಂದ್ ಎಂದು ಮಾರುವುದು ಇದನ್ನೇ.

ಪಿರಾನ್ಹಾದ ಬಳಗದ್ದಾದರೂ ಇದರ ಹಲ್ಲು ನಮ್ಮ ದವಡೆ ಹಲ್ಲಿನಂತೆ ಅಗಲ. ಅಮೆಜಾನ್ ಉಕ್ಕಿ ಕಾಡಿನೊಳಗೆ ನುಗ್ಗಿದಾಗ, ನೀರಿಗುದುರಿದ ಹಣ್ಣು, ಗಟ್ಟಿ ಬೀಜಗಳನ್ನು ಆ ಹಲ್ಲುಗಳಿಂದಲೇ ಒಡೆದು ತಿನ್ನುತ್ತದೆ. ಒಡೆಯದೆ ನುಂಗಿದ ಬೀಜಗಳನ್ನು ದೂರದವರೆಗೆ ಹರಡುತ್ತದೆ. ಎಂಥ ಸೊಗಸಾದ ಬದುಕು! ಅದನ್ನು ನಾಲ್ಕಡಿ ಗಾಜಿನೊಳಗೆ ಕೂಡಿಹಾಕುವುದು ಅನ್ಯಾಯ. ನೆಟ್ಟ ಗಿಡಗಳೂ ಉಳಿಯವು.

ಸಾಕಲಾಗದೆ ಕೆರೆಗೆ ಬಿಡುವುದಂತೂ ಕೂಡದು. ಇದು ಇಲ್ಲಿನ ನೀರಿನ ಮೀನಲ್ಲ. ಆಸೆಯಿದ್ದರೆ ಇದೇ ಕುಟುಂಬದ, ಸುಮಾರು 15 ಸೆಂಟಿಮೀಟರಿನ ಸಿಲ್ವರ್ ಡಾಲರ್ ಮೀನುಗಳನ್ನು ದೊಡ್ಡ ತೊಟ್ಟಿಯಲ್ಲಿ ಗುಂಪಾಗಿ ಸಾಕಿ, ಪಾಲಕ್ ಹಾಕಿ.